ಹನ್ನೆರಡೂವರೆ ರೂಪಾಯಿಯ ಶಿಫಾರಸು

ಮೈಸೂರಿಗೆ ಬಂದ ನೆಂಟರಿಗೆ ಊರು ತೋರಿಸಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಅರಮನೆ ಮುಗಿಸಿ ಮೃಗಾಲಯಕ್ಕೆಂದು ಆಟೋ ಹತ್ತಿದರೆ, ಆಟೋದವನು ನಡುವೆ ರೇಷ್ಮೆ ಸೀರೆಯ ಅಂಗಡಿಯೊಂದರ ಮುಂದೆ ನಿಲ್ಲಿಸುತ್ತಾನೆ. "ಐದೇ ನಿಮಿಷ ಸಾರ್. ಏನೂ ತಗೋಬೇಡಿ, ಸುಮ್ನೆ ಒಂದು ರೌಂಡ್ ನೋಡ್ಕೊಂಡು ಬನ್ನಿ." ನೀವು ಒಳಗೆ ಹೋಗಿ ಗಂಧದೆಣ್ಣೆ ಮೂಸಿ, ಸೀರೆಯ ಬೆಲೆ ಕೇಳಿ, ಹೊರಗೆ ಬರುತ್ತೀರಿ. ಅಷ್ಟರಲ್ಲಿ ಅವನು ಪಕ್ಕದ ಬಾಗಿಲಲ್ಲಿ ಒಂದು ಚೀಟಿ ಈಸಿಕೊಂಡಿರುತ್ತಾನೆ. ನೀವು ಕೊಂಡರೆ ಆ ಚೀಟಿಗೆ ತೂಕ ಹೆಚ್ಚು. ಕೊಳ್ಳದಿದ್ದರೂ ಕರೆತಂದ ಪುಣ್ಯಕ್ಕೆ ಏನೋ ಒಂದಿಷ್ಟು.

ಒಂದೂವರೆ ವರ್ಷದಿಂದ ನಾನೂ ಅದೇ ಆಟೋ ಓಡಿಸುತ್ತಿದ್ದೇನೆ. ನನಗೆ ಬರೀ ಕರೆತಂದಿದ್ದಕ್ಕೆ ಏನೂ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಇದಕ್ಕೆ ಅಫಿಲಿಯೇಟ್ ಎನ್ನುತ್ತಾರೆ. ಬರಹದೊಳಗೆ ಒಂದು ವಸ್ತುವನ್ನು ಹೆಸರಿಸಿ, ಅದರ ಮೇಲೆ ಲಿಂಕ್ ಕೂರಿಸಿ, ಆ ಲಿಂಕ್ ಒತ್ತಿದವರು ಕೊಂಡರೆ ಮಾರಿದವರಿಂದ ಪಾಲು ಪಡೆಯುವುದು. ಇದರ ತಮ್ಮ ರೆಫರಲ್: ಲಿಂಕಿನ ಬದಲು ಒಂದು ಕೋಡ್, "ನನ್ನ ಹೆಸರು ಹೇಳಿ ಸೇರಿಕೊಳ್ಳಿ, ನಿಮಗೂ ನೂರು ನನಗೂ ನೂರು" ಎನ್ನುವ ಬಾಬತ್ತು. ಬರೆದು ಬದುಕಲಾಗದ ಕನ್ನಡದ ಬರಹಗಾರರಿಗೆ ಈಚೆಗೆ ಎಲ್ಲ ದಿಕ್ಕಿನಿಂದಲೂ ಬರುತ್ತಿರುವ ಬುದ್ಧಿಮಾತು ಇದೇ: ಹೇಗೂ ಬರೀತೀರಿ, ಒಂದು ಲಿಂಕ್ ಹಾಕಿದರೆ ಕಳೆದುಕೊಳ್ಳುವುದೇನು? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಮೊದಲು ನನ್ನ ಲೆಕ್ಕ. ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸುವುದು ಹೇಗೆ ಎಂದು ಒಂದು ಪ್ರಬಂಧ ಬರೆದಿದ್ದೆ. ಮೂರು ದಿನ ಗಂಜಿನೀರಲ್ಲಿ ನೆನೆಸಿ, ಉಜ್ಜಿ, ಒಣಗಿಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ತಿಕ್ಕಿ, ಮೊದಲ ನಾಲ್ಕು ದೋಸೆ ಅಂಟಿಕೊಂಡು ಹರಿದು ಹೋದಾಗ ಮನೆಯವರ ಮುಖ ನೋಡದೆ ಐದನೆಯದಕ್ಕೆ ಹಿಟ್ಟು ಹುಯ್ಯುವ ತನಕದ ಕಥೆ. ಜನ ಇಷ್ಟಪಟ್ಟು ಓದಿದರು, ಹಂಚಿದರು. ಕೊನೆಗೆ ಒಂದು ಕಾವಲಿಯ ಲಿಂಕ್ ಇತ್ತು. 212 ಮಂದಿ ಒತ್ತಿದರು. ತಿಂಗಳ ಕೊನೆಗೆ ನೋಡಿದರೆ ನನ್ನ ಲೆಕ್ಕದಲ್ಲಿ ನಾಲ್ಕು ಮಾರಾಟ: ಎರಡು ಕಾವಲಿ, ಒಂದು ಸೊಳ್ಳೆ ಬ್ಯಾಟು, ಒಂದು ಕಟ್ಟು ಮಕ್ಕಳ ಡೈಪರು. ಎರಡು ಕಾವಲಿಯಲ್ಲಿ ಒಂದು ವಾಪಸ್ ಹೋಗಿತ್ತು. ತುಕ್ಕು ಹಿಡಿಯಿತೆಂದೇ ಹಿಂತಿರುಗಿಸಿರಬೇಕು; ಹಾಗಿದ್ದರೆ ಆ ಪುಣ್ಯಾತ್ಮ ಪ್ರಬಂಧ ಓದದೆ ನೇರ ಲಿಂಕಿಗೇ ಇಳಿದವನು. ಒಟ್ಟು ಗಳಿಕೆ 41 ರೂಪಾಯಿ.

ಸೊಳ್ಳೆ ಬ್ಯಾಟಿಗೂ ನನ್ನ ಗದ್ಯಕ್ಕೂ ಏನು ಸಂಬಂಧ ಅಂತ ಕೇಳಬಹುದು. ಈ ವ್ಯವಹಾರದ ಗುಟ್ಟು ಅಲ್ಲೇ ಇರುವುದು. ಲಿಂಕಿನ ಬಾಲದಲ್ಲಿ ನಿಮ್ಮ ಗುರುತಿನ ಒಂದು ತುಂಡು ಇರುತ್ತದೆ. ಅಮೆಜಾನ್‌ನ ಭಾರತದ ಅಂಗಡಿಯಾದರೆ ಅದು ಸಾಮಾನ್ಯವಾಗಿ 21 ಎಂಬ ಅಂಕಿಯಲ್ಲಿ ಕೊನೆಯಾಗುತ್ತದೆ. ಓದುಗ ಅದನ್ನು ಒತ್ತಿದ ಕ್ಷಣ ಅವನ ಬ್ರೌಸರಿನಲ್ಲಿ ಕುಕಿ ಎಂಬ ಒಂದು ಗುರುತು ಕೂರುತ್ತದೆ. ಅಮೆಜಾನ್‌ನಲ್ಲಿ ಅದರ ಆಯಸ್ಸು 24 ಗಂಟೆ. ಅಷ್ಟರೊಳಗೆ ಅವನು ಏನು ಕೊಂಡರೂ, ನೀವು ಹೇಳಿದ್ದನ್ನೋ ಬಿಟ್ಟಿದ್ದನ್ನೋ, ಪಾಲು ನಿಮ್ಮದು. ನೀವು ಹೇಳಿದ ಕಾವಲಿಯನ್ನೇ, ಅಂದು ಕಾರ್ಟಿಗೂ ಹಾಕದೆ, ಯೋಚಿಸಿ ಮೂರನೇ ದಿನ ಕೊಂಡರೆ ಏನೂ ಇಲ್ಲ. ನಡುವೆ ಬೇರೊಬ್ಬರ ಲಿಂಕ್ ಒತ್ತಿದರೆ ಪಾಲು ಆ ಬೇರೊಬ್ಬರಿಗೆ. ಕೊನೆಗೆ ಒತ್ತಿಸಿದವನೇ ಗೆದ್ದವನು. ಅಂದರೆ ಬರೆದಿದ್ದಕ್ಕಾಗಲಿ ಓದಿದ್ದಕ್ಕಾಗಲಿ ಮನಸ್ಸು ತಿರುಗಿಸಿದ್ದಕ್ಕಾಗಲಿ ಇಲ್ಲಿ ದುಡ್ಡಿಲ್ಲ. ಹೇಗೂ ಏನನ್ನೋ ಕೊಳ್ಳಲಿದ್ದವನನ್ನು ಗಲ್ಲಾಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದ್ದಕ್ಕೆ ದುಡ್ಡು. ಒಳ್ಳೆಯ ಪ್ರಬಂಧ ಓದುಗನನ್ನು ಯೋಚನೆಗೆ ಹಚ್ಚುತ್ತದೆ, ಯೋಚಿಸುವವನು ತಡ ಮಾಡುತ್ತಾನೆ, ಅಷ್ಟರಲ್ಲಿ 24 ಗಂಟೆ ಕಳೆದಿರುತ್ತದೆ.

ಅಮೆಜಾನ್ ಈ ಪದ್ಧತಿಯನ್ನು 1996ರಲ್ಲೇ, ತಾನಿನ್ನೂ ಪುಸ್ತಕದಂಗಡಿಯಾಗಿದ್ದಾಗ ಶುರು ಮಾಡಿತು. ಪುಸ್ತಕದ ಬಗ್ಗೆ ಬರೆಯುವವರು ಪುಸ್ತಕ ಮಾರಿಸಲಿ ಎಂಬ ಲೆಕ್ಕಾಚಾರ. ಹುಟ್ಟಿದ್ದು ಬರಹಗಾರರಿಗಾಗಿಯೇ ಎಂದರೂ ನಡೆಯುತ್ತದೆ. ಆದರೆ ಷರತ್ತುಗಳೆಲ್ಲ ಅಂಗಡಿಯ ಕಡೆಗೇ ವಾಲಿವೆ. ಸೇರಿದ 180 ದಿನದಲ್ಲಿ ಮೂರು ಮಾರಾಟವಾದರೂ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ನಿಮ್ಮ ಲಿಂಕಿನಿಂದ ನೀವೇ ಕೊಳ್ಳುವಂತಿಲ್ಲ. ಅಚ್ಚಾದ ಪುಸ್ತಕದಲ್ಲಿ ಲಿಂಕ್ ಹಾಕುವಂತಿಲ್ಲ. ಎಲ್ಲೆಲ್ಲಿ ಹಾಕುತ್ತೀರಿ ಎಂದು ಮೊದಲೇ ಬರೆದುಕೊಡಬೇಕು. ವಾಪಸಾದ ಸರಕಿಗೆ ಪಾಲಿಲ್ಲ, ಆದ್ದರಿಂದ ವಾಪಸ್ ಮಾಡುವ ಅವಧಿ ಮುಗಿದು, ತಿಂಗಳೆರಡು ಕಳೆದ ಮೇಲೆಯೇ ಹಣ.

ಈಗ ಪುಸ್ತಕದ ಲೆಕ್ಕಕ್ಕೆ ಬರೋಣ, ಬರೆಯುವವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. 250 ರೂಪಾಯಿಯ ಕನ್ನಡ ಪುಸ್ತಕ, ಸಾವಿರ ಪ್ರತಿ ಅಚ್ಚು, ಹತ್ತು ಶೇಕಡಾ ಗೌರವಧನ. ಪ್ರಕಾಶಕರು ಒಳ್ಳೆಯವರಾಗಿದ್ದು, ಗೌರವಧನದ ಬದಲು ಪುಸ್ತಕದ ಕಟ್ಟನ್ನೇ ಕಳಿಸದಿದ್ದರೆ, ಸಾವಿರವೂ ಖರ್ಚಾದ ಮೇಲೆ 25,000 ರೂಪಾಯಿ. ಅದಕ್ಕೆ ಮೂರು ವರ್ಷವೋ ನಾಲ್ಕು ವರ್ಷವೋ. ಅದೇ ಬೆಲೆಯ ಬೇರೆಯವರ ಪುಸ್ತಕವನ್ನು ನಾನು ಲಿಂಕ್ ಹಾಕಿ ಶಿಫಾರಸು ಮಾಡಿದೆ, ಪಾಲು ಐದು ಶೇಕಡಾ ಅಂತ ಇಟ್ಟುಕೊಳ್ಳಿ. ಪ್ರತಿಗೆ ಹನ್ನೆರಡೂವರೆ ರೂಪಾಯಿ. ಅದೇ 25,000 ಆಗಬೇಕಾದರೆ ಎರಡು ಸಾವಿರ ಪ್ರತಿ ಮಾರಿಸಬೇಕು. ನೂರು ಜನ ಒತ್ತಿದರೆ ಇಬ್ಬರು ಕೊಂಡರೆ ಅದೇ ಹೆಚ್ಚು, ಹಾಗಾಗಿ ಒಂದು ಲಕ್ಷ ಜನ ಲಿಂಕ್ ಒತ್ತಬೇಕು. ಸಾವಿರ ಪ್ರತಿ ಖರ್ಚಾದರೆ ಸಂಭ್ರಮಿಸುವ ಭಾಷೆಯಲ್ಲಿ ಇದು ಯಾವ ಲೋಕದ ಲೆಕ್ಕ?

ಅದೇ ಲೇಖನದಲ್ಲಿ ಪುಸ್ತಕದ ಜಾಗಕ್ಕೆ 2,500 ರೂಪಾಯಿಯ ಕುಕ್ಕರ್ ಇಟ್ಟು ನೋಡಿ. ಅದೇ ಐದು ಶೇಕಡಾ, ಆದರೆ ಒಂದಕ್ಕೆ 125 ರೂಪಾಯಿ. ಲಕ್ಷ ಕ್ಲಿಕ್ಕು ಹತ್ತು ಸಾವಿರಕ್ಕೆ ಇಳಿಯಿತು. ಕುಕ್ಕರ್ ಬಿಟ್ಟು ಕ್ರೆಡಿಟ್ ಕಾರ್ಡಿಗೆ ಬಂದರೆ ಪ್ರಮಾಣ ಶೇಕಡಾದಲ್ಲಿಲ್ಲ, ತಲೆಗೆ ಇಷ್ಟು ಅಂತ. ಒಬ್ಬನಿಗೆ ಕಾರ್ಡ್ ಮಂಜೂರಾದರೆ ಸಾವಿರದ ಆಚೀಚೆ ಕೊಡುವವರಿದ್ದಾರೆ. ವೆಬ್ ಹೋಸ್ಟಿಂಗ್, ಅಂದರೆ ಜಾಲತಾಣ ಇಡಲು ಬಾಡಿಗೆ ಜಾಗ, ಮಾರುವ ವಿದೇಶಿ ಕಂಪನಿಗಳದು ಇನ್ನೂ ಧಾರಾಳ, ಗಿರಾಕಿಗೆ ಸಾವಿರಾರು ರೂಪಾಯಿ. ಬರೆದು ದುಡಿಯುವುದು ಹೇಗೆ ಎಂದು ಹೇಳಿಕೊಡುವ ಬರಹಗಳಲ್ಲೆಲ್ಲ ಎರಡನೇ ಪ್ಯಾರಾದಲ್ಲೇ "ಮೊದಲು ಒಂದು ಹೋಸ್ಟಿಂಗ್ ತೆಗೆದುಕೊಳ್ಳಿ" ಎಂದು ಯಾಕಿರುತ್ತದೆ ಎಂಬುದು ನನಗೆ ಬಹಳ ದಿನ ಹೊಳೆದಿರಲಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿ. ಬರಹಗಾರ ಯಾವುದನ್ನು ಚೆನ್ನಾಗಿ ಬಲ್ಲನೋ, ಯಾವುದರಲ್ಲಿ ಅವನ ಮಾತಿಗೆ ಬೆಲೆ ಇದೆಯೋ, ಅಲ್ಲಿ ಪಾಲು ಕಡಿಮೆ. ಎಲ್ಲಿ ಅವನಿಗೆ ಎಳ್ಳಷ್ಟೂ ಗೊತ್ತಿಲ್ಲವೋ ಅಲ್ಲಿ ಪಾಲು ಜಾಸ್ತಿ. ಕಥೆಗಾರ ಕಾರಂತಜ್ಜನ ಕಾಲದ ಗದ್ಯದ ಬಗ್ಗೆ ಹೇಳಿದರೆ ಕೇಳಬಹುದು, ಕ್ರೆಡಿಟ್ ಕಾರ್ಡಿನ ಬಡ್ಡಿಯ ಬಗ್ಗೆ ಅವನ ಮಾತು ಯಾಕೆ ಕೇಳಬೇಕು? ಆದರೂ ಓದುಗ ಕೇಳುತ್ತಾನೆ. ಗದ್ಯದಲ್ಲಿ ಗಳಿಸಿದ ನಂಬಿಕೆಯನ್ನು ಕಾರ್ಡಿನಲ್ಲಿ ನಗದು ಮಾಡಿಕೊಳ್ಳಬಹುದು ಎಂಬುದೇ ಈ ಆಕರ್ಷಣೆಯ ತಿರುಳು. ಯಾರೂ ಮೊದಲ ದಿನವೇ ಹಾಗೆ ಮಾಡುವುದಿಲ್ಲ. ಪುಸ್ತಕದಿಂದ ಹೊರಟು, ಓದುವ ದೀಪ, ಕೂರುವ ಕುರ್ಚಿ, ಬರೆಯುವ ಲ್ಯಾಪ್‌ಟಾಪು ದಾಟಿ, ಲ್ಯಾಪ್‌ಟಾಪಿಗೆ ರಿಯಾಯಿತಿ ಕೊಡುವ ಕಾರ್ಡಿನವರೆಗೆ ಬರಲು ನಾಲ್ಕೇ ಲೇಖನ ಸಾಕು. ನಾನು ಕುರ್ಚಿಯ ತನಕ ಹೋಗಿ ಬಂದವನು. ಕುರ್ಚಿಯ ಬಗ್ಗೆ ಬರೆಯುವ ಮುನ್ನ ಪಟ್ಟಿ ತೆಗೆದು ಯಾವುದಕ್ಕೆ ಎಷ್ಟು ಪಾಲು ಅಂತ ನೋಡಿದೆ. ನೋಡಿದ ಮೇಲೆ, ಮನೆಯಲ್ಲಿ ಎಂಟು ವರ್ಷದಿಂದ ನಾನು ಕೂತು ಬರೆಯುತ್ತಿರುವ ಬೆತ್ತದ ಕುರ್ಚಿ ಆ ಲೇಖನದೊಳಗೆ ಬರಲೇ ಇಲ್ಲ. ಬರೆಯುವಾಗ ಅದು ನನ್ನ ಗಮನಕ್ಕೂ ಬರಲಿಲ್ಲ. ಪ್ರಕಟವಾದ ಮೇಲೆ ಓದುತ್ತ ಕೂತಾಗ ಗೊತ್ತಾಯಿತು, ಓದುತ್ತ ಕೂತಿದ್ದೂ ಅದೇ ಬೆತ್ತದ ಕುರ್ಚಿಯ ಮೇಲೆ.

ಇನ್ನೂ ಕೆಳಗಿನ ಮೆಟ್ಟಿಲುಗಳೂ ಇವೆ. ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ರೆಫರಲ್ ಕೋಡುಗಳು ಕನ್ನಡದ ಯೂಟ್ಯೂಬಿನಲ್ಲಿ, ಟೆಲಿಗ್ರಾಂ ಗುಂಪುಗಳಲ್ಲಿ ಹೇಗೆ ಹರಿದಾಡುತ್ತಿದ್ದವು ಎಂದು ನೋಡಿದವರಿಗೆ ಗೊತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಆಡುವ ಆಟಗಳನ್ನು ಮಾತ್ರವಲ್ಲ, ಅವುಗಳ ಜಾಹೀರಾತನ್ನೂ ಅಪರಾಧ ಮಾಡಿದೆ: ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ಷೇರು ವಿಷಯದಲ್ಲೂ ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಆಗಸ್ಟ್‌ನಲ್ಲಿ ನಿಯಮ ಬಿಗಿ ಮಾಡಿತು. ನೋಂದಣಿಯಿಲ್ಲದೆ ಹೂಡಿಕೆಯ ಸಲಹೆ ಕೊಡುವವರ ಜತೆ ತನ್ನ ಅಧೀನದ ಸಂಸ್ಥೆಗಳು ಹಣದ ನಂಟು ಇಟ್ಟುಕೊಳ್ಳುವಂತಿಲ್ಲ ಎಂದಿತು. ಈ ಎರಡು ಬಾಬತ್ತಿನ ಸಹವಾಸ ಬರಹಗಾರರಿಗೆ ಬೇಡ. ಇದರಲ್ಲಿ ಚರ್ಚೆಗೆ ಜಾಗ ಇದೆ ಅಂತ ನನಗನ್ನಿಸುವುದಿಲ್ಲ.

ಹಾಗಾದರೆ ಪ್ರಾಮಾಣಿಕವಾಗಿ ಪುಸ್ತಕಕ್ಕೇ ಅಂಟಿಕೊಂಡು ಇದನ್ನು ಮಾಡಿದವರೇ ಇಲ್ಲವೇ ಎಂದರೆ, ಇದ್ದಾರೆ. ಅಮೆರಿಕದಲ್ಲಿ 2020ರ ಜನವರಿಯಲ್ಲಿ ಬುಕ್‌ಶಾಪ್ ಡಾಟ್ ಆರ್ಗ್ ಎಂಬ ಮಳಿಗೆ ಶುರುವಾಯಿತು. ಪುಸ್ತಕ ಶಿಫಾರಸು ಮಾಡಿದವರಿಗೆ ಅದು ಕೊಟ್ಟಿದ್ದು ಹತ್ತು ಶೇಕಡಾ. ಜತೆಗೆ ಆ ಮಾರಾಟದ ಇನ್ನೊಂದು ಹತ್ತು ಶೇಕಡಾವನ್ನು ಸಣ್ಣ ಪುಸ್ತಕದಂಗಡಿಗಳು ಹಂಚಿಕೊಳ್ಳುವ ನಿಧಿಗೆ ಹಾಕಿತು. ಶಿಫಾರಸು ಮಾಡುವವರು ದೊಡ್ಡ ಅಂಗಡಿಗೆ ಗಿರಾಕಿ ಹಿಡಿದುಕೊಡುವ ಬದಲು ತಮ್ಮೂರಿನ ಅಂಗಡಿಯನ್ನು ಉಳಿಸಿದ ಹಾಗಾಗುತ್ತದೆ ಎಂಬುದು ಅದರ ಜಾಣತನ. ವಸ್ತುಗಳ ಕಡೆ ಹೋದರೆ ವೈರ್‌ಕಟರ್ ಎಂಬ ಜಾಲತಾಣ ಇದೆ; 2011ರಲ್ಲಿ ಹುಟ್ಟಿ, ಒಂದೊಂದು ವಸ್ತುವನ್ನೂ ತಿಂಗಳುಗಟ್ಟಲೆ ಬಳಸಿ ನೋಡಿ ಬರೆದು, ಅಫಿಲಿಯೇಟ್ ಹಣದ ಮೇಲೆಯೇ ಬೆಳೆದು, 2016ರಲ್ಲಿ ಸುಮಾರು ಮೂರು ಕೋಟಿ ಡಾಲರಿಗೆ ನ್ಯೂಯಾರ್ಕ್ ಟೈಮ್ಸ್ ಪಾಲಾಯಿತು. ಬರೆಯುವವರನ್ನು ಕಮಿಷನ್ ವ್ಯವಹಾರದಿಂದ ದೂರ ಇಟ್ಟಿದ್ದೇವೆ ಎಂಬುದು ಅವರ ಹೇಳಿಕೆ. ಒಂದು ಸಂಸ್ಥೆಗೆ ಅದು ಸಾಧ್ಯ. ನನ್ನ ಮನೆಯಲ್ಲಿ ಸಂಪಾದಕನೂ ನಾನೇ, ಗುಮಾಸ್ತನೂ ನಾನೇ. ಇಬ್ಬರ ನಡುವೆ ಗೋಡೆ ಕಟ್ಟುವುದೆಲ್ಲಿ?

ಗೋಡೆ ಇದ್ದವರಿಗೂ ನೆಲ ಗಟ್ಟಿಯಿಲ್ಲ ಎಂಬುದು ಬೇರೆ ಮಾತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ನಡುವೆ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳಿಗೆ ಕೊಡುತ್ತಿದ್ದ ಎಂಟು ಶೇಕಡಾವನ್ನು ಮೂರಕ್ಕೆ ಇಳಿಸಿತು, ದಿನಸಿಯ ಐದನ್ನು ಒಂದಕ್ಕೆ. ಮಾತುಕತೆ ಇಲ್ಲ, ಮುನ್ಸೂಚನೆಯಂತೂ ಕೆಲವೇ ದಿನದ್ದು. ವರ್ಷಗಟ್ಟಲೆ ಬರೆದಿಟ್ಟ ಬರಹಗಳ ಆದಾಯ ಒಂದೇ ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಹನಿ ಎಂಬ ರಿಯಾಯಿತಿ ಕೂಪನ್ ಹುಡುಕಿಕೊಡುವ ಉಪಕರಣದ ಮೇಲೆ ಬಂದ ಆರೋಪ ಇನ್ನೊಂದು ಥರದ್ದು. ಸುಮಾರು 400 ಕೋಟಿ ಡಾಲರಿಗೆ ಪೇಪಾಲ್ ಕೊಂಡಿದ್ದ ಅದು, ಗಿರಾಕಿ ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಬರಹಗಾರರ, ಯೂಟ್ಯೂಬರುಗಳ ಗುರುತು ಅಳಿಸಿ ತನ್ನದನ್ನು ಕೂರಿಸುತ್ತಿತ್ತು ಎಂದು. ಪ್ರಕರಣ ಕೋರ್ಟಿಗೂ ಹೋಯಿತು. ಆರೋಪ ಏನೇ ಆಗಲಿ, ಕೊನೆಯ ಕ್ಲಿಕ್ಕೇ ಗೆಲ್ಲುತ್ತದೆ ಎಂಬ ನಿಯಮ ಇರುವ ಕಡೆ ಗಲ್ಲಾಪೆಟ್ಟಿಗೆಯ ಪಕ್ಕ ನಿಂತವನಿಗೇ ಲಾಭ. ನಮ್ಮಲ್ಲಿ ಕ್ಯಾಶ್‌ಬ್ಯಾಕ್ ಆ್ಯಪ್ ಇಟ್ಟುಕೊಂಡ ಓದುಗ ನನ್ನ ಲೇಖನ ಓದಿ, ಮೆಚ್ಚಿ, ಆ ಆ್ಯಪ್ ಮೂಲಕ ಕೊಂಡರೆ ನನ್ನ ಪಾಲು ಅವನ ಜೇಬಿಗೇ ಹೋಗುತ್ತದೆ. ಅದರಲ್ಲಿ ಕಳ್ಳತನವೇನೂ ಇಲ್ಲ, ನನಗೂ ಅಂಥ ಬೇಸರವಿಲ್ಲ.

ಬೇಸರ ಇರುವುದು ಕನ್ನಡದ್ದೇ ಆದ ಒಂದು ಸೋರಿಕೆಯ ಬಗ್ಗೆ. ನಮ್ಮ ಓದುಗರು ಲೇಖನ ಬರೆದ ಜಾಗಕ್ಕೆ ಬಂದು ಓದುವವರಲ್ಲ. ಲೇಖನವೇ ಅವರಲ್ಲಿಗೆ, ವಾಟ್ಸಾಪ್ ಗುಂಪಿಗೆ, ಬೆಳಿಗ್ಗೆಯ ಗುಡ್ ಮಾರ್ನಿಂಗ್ ಹೂವಿನ ಹಿಂದೆ ಬರುತ್ತದೆ. ಬರುವಾಗ ಲಿಂಕ್ ಉದುರಿರುತ್ತದೆ, ಬರೆದವರ ಹೆಸರೂ ಉದುರಿರುತ್ತದೆ, ಕೆಳಗೆ "ಕೃಪೆ: ವಾಟ್ಸಾಪ್" ಎಂದು ಮಾತ್ರ ಉಳಿದಿರುತ್ತದೆ. ನನ್ನ ಕಾವಲಿ ಪ್ರಬಂಧ ನನ್ನ ಅತ್ತಿಗೆಯ ಗುಂಪಿಗೆ ಹೀಗೆಯೇ ಬಂದು, ಅವರು ಅದನ್ನು ನನಗೇ ಕಳಿಸಿ "ಎಷ್ಟು ಚೆನ್ನಾಗಿ ಬರ್ದಿದಾರೆ ನೋಡು, ನೀನೂ ಇಂಥದ್ದು ಬರಿ" ಎಂದರು. ಯಾವ ಕುಕಿ ಇದನ್ನು ಲೆಕ್ಕ ಹಾಕೀತು?

ಕನ್ನಡ ಪುಸ್ತಕ ಮಾರಾಟವೂ ಅಷ್ಟೇ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ 2020ರಲ್ಲೇ ಕನ್ನಡದಲ್ಲಿ ಮಾತಾಡಲು ಕಲಿತವು, ಸರಿ. ಆದರೆ ಅಮೆಜಾನ್‌ನ ಇ-ಪುಸ್ತಕದಂಗಡಿಯಾದ ಕಿಂಡಲ್‌ಗೆ 2016ರ ಕೊನೆಗೆ ಐದು ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಪ್ರಯತ್ನ ನಮ್ಮವರೇ ಮಾಡಬೇಕಾಯಿತು. ಮುದ್ರಿತ ಪುಸ್ತಕದ ವಹಿವಾಟು ನಿಜಕ್ಕೂ ನಡೆಯುವುದು ಬೇರೆ ದಾರಿಯಲ್ಲಿ. ಪ್ರಕಾಶಕರು ಫೇಸ್‌ಬುಕ್ಕಿನಲ್ಲಿ ಮುಖಪುಟದ ಚಿತ್ರ ಹಾಕಿ ಕೆಳಗೆ ಫೋನ್ ನಂಬರ್ ಕೊಡುತ್ತಾರೆ. ಓದುಗರು ಆ ನಂಬರಿಗೆ ಹಣ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ, ವಿಳಾಸ ಟೈಪ್ ಮಾಡಿ, "ಪಿನ್‌ಕೋಡ್ ಬಿಟ್ಟೆ ಸಾರ್" ಅಂತ ಇನ್ನೊಂದು ಮೆಸೇಜು ಹಾಕುತ್ತಾರೆ. ಇಲ್ಲವೇ ಗಾಂಧಿನಗರದ ಸಪ್ನಾಗೋ ಗಾಂಧಿ ಬಜಾರಿನ ಅಂಕಿತಕ್ಕೋ ಹೋಗಿ, "ಅದೇ, ಮೊನ್ನೆ ಯಾರೋ ಬರೆದಿದ್ರಲ್ಲ, ಆ ಪುಸ್ತಕ" ಎನ್ನುತ್ತಾರೆ. ಆ "ಯಾರೋ" ನಾನೇ ಆಗಿದ್ದರೂ ನನಗೆ ಗೊತ್ತಾಗುವ ದಾರಿಯಿಲ್ಲ, ಪ್ರಕಾಶಕರಿಗೂ ಇಲ್ಲ.

ಹಾಗಂತ ಶಿಫಾರಸು ಕೆಲಸ ಮಾಡುತ್ತಿಲ್ಲ ಅಂತಲ್ಲ. ಕನ್ನಡದಲ್ಲಿ ಪುಸ್ತಕ ಖರ್ಚಾಗುವುದೇ ಇನ್ನೊಬ್ಬ ಓದುಗ ಹೇಳಿದ್ದರಿಂದ. ಲಿಂಕಿಗೆ ಅದನ್ನು ಎಣಿಸಲು ಬರುವುದಿಲ್ಲ, ಅಷ್ಟೇ. ಎಣಿಸಲು ಬರುವುದು ಕೋಡಿಗೆ. ನೆನಪಿಟ್ಟುಕೊಳ್ಳಬಹುದಾದ ಒಂದು ಕನ್ನಡ ಪದ, "ಕಾವಲಿ" ಅಂತಲೇ ಇಟ್ಟುಕೊಳ್ಳಿ. ಅದು ವಾಟ್ಸಾಪಿನಲ್ಲಿ ಉದುರುವುದಿಲ್ಲ, ಸ್ಕ್ರೀನ್‌ಶಾಟಿನಲ್ಲಿ ಉಳಿಯುತ್ತದೆ, ಫೋನಿನಲ್ಲಿ ಬಾಯಲ್ಲೇ ಹೇಳಬಹುದು, 24 ಗಂಟೆಯ ಗಡುವಿಲ್ಲ. "ಕಾವಲಿ ಅಂತ ಹೇಳಿದರೆ ಹತ್ತು ಶೇಕಡಾ ಬಿಡ್ತಾರೆ" ಎಂದರೆ ಓದುಗರಿಗೂ ಹೇಳಲು ಕಾರಣ ಇರುತ್ತದೆ. ಪ್ರಕಾಶಕರ ಕೈಯಿಂದ ಹಣ ಹೋಗುವುದೂ ಇಲ್ಲ. ಅಂಗಡಿಗಳಿಗೆ ಅವರು ಮೂವತ್ತು, ನಲವತ್ತು ಶೇಕಡಾ ಬಿಡುವುದು ವಾಡಿಕೆ. ನೇರ ಮಾರಿದಾಗ ಅದು ಉಳಿಯುತ್ತದೆ. ಉಳಿದದ್ದರಲ್ಲಿ ಹತ್ತು ಓದುಗರಿಗೆ, ಹತ್ತು ಹೇಳಿದವರಿಗೆ ಕೊಟ್ಟರೂ ಅಂಗಡಿಗಿಂತ ಲಾಭವೇ. ನಾನು ಇಬ್ಬರು ಸಣ್ಣ ಪ್ರಕಾಶಕರ ಹತ್ತಿರ ಈ ಮಾತು ಎತ್ತಿದೆ. ಒಬ್ಬರು "ಆಯ್ತು ಮಾಡೋಣ" ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನನ್ನ ಹೆಸರು ಬರೆದು ಗೆರೆ ಎಳೆದುಕೊಂಡರು. ಆರು ತಿಂಗಳಲ್ಲಿ ಆ ಗೆರೆಯ ಪಕ್ಕ 37 ಗೀಟು ಬಿದ್ದಿವೆ. ಒಂದೂವರೆ ವರ್ಷದ ಡ್ಯಾಶ್‌ಬೋರ್ಡಿನಲ್ಲಿ ನನ್ನ ಲಿಂಕಿನಿಂದ ಹೋದ ಪುಸ್ತಕಗಳಿಗಿಂತ ಅದು ಹೆಚ್ಚು.

ಇನ್ನೊಬ್ಬರು ಕೇಳಿದ ಪ್ರಶ್ನೆ ಕಷ್ಟದ್ದು: "ಆಮೇಲೆ ನೀವು ನಮ್ಮ ಪುಸ್ತಕ ಚೆನ್ನಾಗಿಲ್ಲ ಅಂತ ಬರೀತೀರಾ?" ಬರೆಯುತ್ತೇನೆ ಎಂದೆ. ಅವರೂ ನಂಬಲಿಲ್ಲ, ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ಕನ್ನಡದ ವಿಮರ್ಶಾಲೋಕ ಕಮಿಷನ್ ಬರುವ ಮುಂಚೆ ಏನು ಸ್ಫಟಿಕದಂತಿತ್ತೇ? ಅವರು ಇವರಿಗೆ ಬೆನ್ನುಡಿ ಬರೆಯುತ್ತಾರೆ, ಇವರು ಅವರ ಬಿಡುಗಡೆಯಲ್ಲಿ ಮಾತಾಡುತ್ತಾರೆ, ಗೌರವ ಪ್ರತಿ ಕಳಿಸಿದವರಿಗೆ ನಾಲ್ಕು ಸಾಲು ಬರೆಯದಿದ್ದರೆ ಮುಂದಿನ ಸಮ್ಮೇಳನದಲ್ಲಿ ಮುಖ ತಿರುಗಿಸುತ್ತಾರೆ. ಈ ಋಣಗಳಿಗೆ ಹೋಲಿಸಿದರೆ ಹನ್ನೆರಡೂವರೆ ರೂಪಾಯಿ ಬಹಳ ಶುಭ್ರವಾದದ್ದು. ಅದನ್ನು ಬರೆದು ತೋರಿಸಬಹುದು. ಋಣವನ್ನು ತೋರಿಸಲು ಬರುವುದಿಲ್ಲ.

ತೋರಿಸಲೇಬೇಕು ಎಂದು ಈಗ ಕಾನೂನೂ ಹೇಳುತ್ತದೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರ ಜೂನ್‌ನಿಂದ ಡಿಜಿಟಲ್ ಪ್ರಭಾವಿಗಳಿಗೆ ನಿಯಮ ತಂದಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ಹಣವೇ ಆಗಬೇಕೆಂದಿಲ್ಲ, ಪುಕ್ಕಟೆ ಸಿಕ್ಕ ವಸ್ತು, ರಿಯಾಯಿತಿ, ಪ್ರವಾಸ, ಕೌಟುಂಬಿಕ ಅಥವಾ ವೈಯಕ್ತಿಕ ಸಂಬಂಧ ಇದ್ದರೂ ಹೇಳಬೇಕು, ಹೇಳುವುದನ್ನು ಕಣ್ಣಿಗೆ ರಾಚುವ ಹಾಗೆ ಹೇಳಬೇಕು, ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಹೂತಿಡಬಾರದು, ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ಎಷ್ಟು ಹಿಂಬಾಲಕರಿದ್ದರೆ ಅನ್ವಯ ಎಂಬ ಗಡಿಯಿಲ್ಲ. ದಾರಿತಪ್ಪಿಸುವ ಶಿಫಾರಸಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹತ್ತು ಲಕ್ಷದ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. ಹೇಳುವ ಮುನ್ನ ಸರಿಯಾಗಿ ಪರಿಶೀಲಿಸಿದ್ದೆ ಎಂದು ತೋರಿಸಿದವರಿಗೆ ರಕ್ಷಣೆ ಇದೆ. ಗೌರವ ಪ್ರತಿಯೂ ಪುಕ್ಕಟೆ ವಸ್ತುವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ನಮ್ಮ ಪುಸ್ತಕ ಪರಿಚಯಗಳೆಲ್ಲ ಒಂದು ಸಾಲು ಉದ್ದವಾಗಬೇಕಾದೀತು.

ಕನ್ನಡದಲ್ಲಿ ಹೇಳುವುದು ಎಂದರೆ ಹೇಗೆ? "ಪ್ರಾಯೋಜಿತ" ಎನ್ನುವ ಪದ ಬಹಳ ದಿನದಿಂದ ಟೀವಿಯಲ್ಲಿ ಓಡಿ ಓಡಿ ನುಣುಪಾಗಿದೆ, ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ. "ಸಹಭಾಗಿತ್ವ" ಎಂದರೆ ಸಹಕಾರ ಸಂಘದ ವಾರ್ಷಿಕ ಸಭೆ ನೆನಪಾಗುತ್ತದೆ. ಅಮೆಜಾನ್ ಕೊಡುವ ಸಿದ್ಧ ವಾಕ್ಯ ಇಂಗ್ಲಿಷಿನದು, ಕೆಳಗೆ ಸಣ್ಣಕ್ಷರದಲ್ಲಿ ಹಾಕಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಷರತ್ತಿಗಾಗಿ ಅದನ್ನೂ ಹಾಕುತ್ತೇನೆ, ಜತೆಗೆ ಲಿಂಕಿನ ಮೇಲಿನ ಸಾಲಿನಲ್ಲೇ ಹೀಗೆ ಬರೆಯುತ್ತೇನೆ: "ಇಲ್ಲಿಂದ ನೀವು ಈ ಪುಸ್ತಕ ಕೊಂಡರೆ ನನಗೆ ಸುಮಾರು ಹನ್ನೆರಡೂವರೆ ರೂಪಾಯಿ ಬರುತ್ತದೆ. ನಿಮಗೆ ಬೆಲೆ ಹೆಚ್ಚಾಗುವುದಿಲ್ಲ. ಹತ್ತಿರದ ಅಂಗಡಿಯಲ್ಲಿ ಸಿಕ್ಕರೆ ಅಲ್ಲೇ ಕೊಳ್ಳಿ." ಕೊನೆಯ ವಾಕ್ಯ ಹಾಕಿದ ಮೇಲೆ ಕ್ಲಿಕ್ಕು ಕಡಿಮೆಯಾಯಿತು. ಮೊತ್ತವನ್ನೇ ಬರೆದ ಮೇಲೆ ಮಾತ್ರ ಒಂದು ತಮಾಷೆ ನಡೆಯಿತು, ಅದನ್ನು ಕೊನೆಗೆ ಹೇಳುತ್ತೇನೆ.

ತೆರಿಗೆಯ ವಿಷಯ ಚುಟುಕಾಗಿ. ಕಮಿಷನ್ ಮೇಲಿನ ಟಿಡಿಎಸ್, ಅಂದರೆ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ, 2024ರ ಅಕ್ಟೋಬರ್‌ನಿಂದ ಐದರ ಬದಲು ಎರಡು ಶೇಕಡಾ ಆಗಿದೆ, ಅದೂ ವರ್ಷಕ್ಕೆ 20,000 ರೂಪಾಯಿ ದಾಟಿದರೆ. ಪ್ಯಾನ್ ಕೊಡದಿದ್ದರೆ ಇಪ್ಪತ್ತು ಶೇಕಡಾ ಹಿಡಿಯುತ್ತಾರೆ. ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಆದಾಯ ಅಲ್ಲ ಅಂತಲ್ಲ, ರಿಟರ್ನ್‌ನಲ್ಲಿ ತೋರಿಸಬೇಕು. ವಿಮರ್ಶೆಗೆಂದು ಬಂದ ದುಬಾರಿ ವಸ್ತುವನ್ನು ಇಟ್ಟುಕೊಂಡರೆ ಅದೂ ಆದಾಯವೇ, 2022ರ ಜುಲೈನಿಂದ ಅದಕ್ಕೂ ಟಿಡಿಎಸ್ ಇದೆ; ವಾಪಸ್ ಕೊಟ್ಟರೆ ಇಲ್ಲ. ಜಿಎಸ್‌ಟಿ ನೋಂದಣಿಯ ಚಿಂತೆ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷದ ಮೇಲೆ. ಕನ್ನಡದ ಬರಹಗಾರರಿಗೆ ಆ ಚಿಂತೆ ಬರಲಿ ಎಂದು ಹಾರೈಸುತ್ತೇನೆ.

ಒಂದೂವರೆ ವರ್ಷದ ಕೊನೆಗೆ ನಾನು ಇಟ್ಟುಕೊಂಡಿರುವ ಕ್ರಮ ಇಷ್ಟೇ: ಲೇಖನ ಮುಗಿದು, ಒಂದು ರಾತ್ರಿ ಕಳೆದ ಮೇಲೆ ಲಿಂಕ್ ಇದೆಯೇ ಎಂದು ಹುಡುಕುವುದು. ಲಿಂಕ್ ಇಲ್ಲದ ವಸ್ತುವಾದರೆ ಹಾಗೇ ಬಿಡುವುದು. ಬೆತ್ತದ ಕುರ್ಚಿಗೆ ಎಲ್ಲೂ ಲಿಂಕ್ ಇಲ್ಲ. ಅದನ್ನು ಹೆಣೆದುಕೊಟ್ಟವರ ಅಂಗಡಿಗೆ ಬೋರ್ಡೂ ಇಲ್ಲ.

ಆ ತಮಾಷೆಯ ವಿಷಯ. ಧಾರವಾಡದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, ನನ್ನ ಹಳೆಯ ಓದುಗರು, ಒಂದು ಭಾನುವಾರ ಫೋನ್ ಮಾಡಿದರು.

"ಅಲ್ರೀ, ಹನ್ನೆರಡೂವರಿ ರೂಪಾಯಿ ಅಂತ ಬರ್ದೀರಲ್ಲ, ಖರೇನ ಅಷ್ಟ ಏನ್ರಿ?"

"ಹೌದು ಸರ್, ಅಷ್ಟೇ."

"ಮತ್ತ ಅದಕ್ಕ ಇಷ್ಟೆಲ್ಲಾ ಗದ್ಲಾ ಯಾಕ್ರೀ? ನನ್ನ ಕೇಳಿದ್ರ ನಾನ ಕೊಡ್ತಿದ್ನೆಲ್ರಿ."

ಫೋನ್ ಇಟ್ಟು ಎರಡು ನಿಮಿಷಕ್ಕೆ ಖಾತೆಗೆ 51 ರೂಪಾಯಿ ಬಂತು. ಟಿಪ್ಪಣಿಯ ಜಾಗದಲ್ಲಿ "ಕಾವಲಿ ಲೇಖನಕ್ಕೆ" ಅಂತಿತ್ತು. ಆ ಪ್ರಬಂಧ ಅವರಿಗೂ ವಾಟ್ಸಾಪಿನಲ್ಲೇ ಬಂದಿರಬೇಕು, ಆದರೆ ಬರೆದವನು ಯಾರು ಅಂತ ಹುಡುಕಿಕೊಂಡಿದ್ದರು. ಕಾವಲಿಯಿಂದ ಬಂದ ಒಟ್ಟು ಗಳಿಕೆಗಿಂತ ಹತ್ತು ರೂಪಾಯಿ ಜಾಸ್ತಿ. ಅದನ್ನು ಕಮಿಷನ್ ಅಂತ ಬರೆಯಬೇಕೋ, ಸಂಭಾವನೆ ಅಂತಲೋ, ಉಡುಗೊರೆ ಅಂತಲೋ, ಆಡಿಟರ್‌ನ ಇನ್ನೂ ಕೇಳಿಲ್ಲ.